ಹೆಗ್ಗಣದ ಎರಡು ಹೋಳು

ಫೆಬ್ರವರಿ 3

ಬಾಮೈದನಿಗೆ,

ಕ್ಷೇಮ ಸಮಾಚಾರ ಕೇಳುವ ಮನಸ್ಸಿಲ್ಲ, ಆದ್ದರಿಂದ ಕೇಳುತ್ತಿಲ್ಲ. ನನ್ನ ಕೈಬರಹ ದೇವರಿಗೂ ಓದಲಾಗುವುದಿಲ್ಲ ಎಂದು ನೀನೇ ಹತ್ತು ಜನರ ಮುಂದೆ ಹೇಳಿ ನಕ್ಕಿದ್ದೆ. ಅದಕ್ಕೆ ನಾನು ಹೇಳುತ್ತಿದ್ದೇನೆ, ನಿನ್ನ ಅಕ್ಕ ಬರೆಯುತ್ತಿದ್ದಾಳೆ. ಅವಳ ಬಲಗೈ ನೆಟ್ಟಗಿದೆ. ಎಡಭುಜದ ಗತಿ ಏನಾಯಿತೆಂದು ನಿನಗೆ ಗೊತ್ತು.

ವಿಷಯಕ್ಕೆ ಬರುತ್ತೇನೆ. ಇಂಜಿನ್ ಇಲ್ಲದ ಗಾಡಿಗೆ ಎರಡೇ ಕೆಲಸ: ತಿರುಗುವುದು, ನಿಲ್ಲುವುದು. ಎಳೆಯುವ ಕೆಲಸವನ್ನು ಗುಡ್ಡವೇ ಮಾಡುತ್ತದೆ. ನಮ್ಮ ಹೆಗ್ಗಣ ಗಾಡಿಯಲ್ಲಿ ತಿರುಗುವ ಭಾಗ ನನ್ನದು. ಸತ್ತ ಟ್ರಾಕ್ಟರಿನ ಕನೆಕ್ಟಿಂಗ್ ರಾಡಿನಿಂದ ಸ್ಟೇರಿಂಗ್ ತೋಳು ಮಾಡಿ, ಲೇತಿನಲ್ಲಿ ನಾನೇ ಕೈಯಾರೆ ಅದು ತಿರುಗುವ ಬುಷ್ ಬಳೆ ಕೊರೆದು ಕೂರಿಸಿದ್ದೆ. ಅದರಲ್ಲಿ ಒಂದು ಕೂದಲಿನಷ್ಟು ಅಲುಗಾಟ ಇದ್ದರೆ ತೋರಿಸು. ನಿಲ್ಲುವ ಭಾಗ ನಿನ್ನದು. ಪಿಸ್ಟನ್ನಿನ ತಲೆ ಕತ್ತರಿಸಿ ಪೆಡಲು, ಯಾವುದೋ ಸ್ಕೂಟರಿನ ಕ್ಲಚ್ ತಂತಿಯಲ್ಲಿ ಬ್ರೇಕು. ಡಿಸೆಂಬರಿನ ಇಳಿಜಾರಿನ ಓಟದಲ್ಲಿ ಗೋಡೌನ್ ತಿರುವಿನ ಹತ್ತಿರ ಗಾಡಿ ನಿಲ್ಲಲಿಲ್ಲ. ನಿಂತಿದ್ದರೆ ಮರಳು ಮೂಟೆಗೆ ಹೊಡೆಯುತ್ತಿರಲಿಲ್ಲ, ಉರುಳುತ್ತಿರಲಿಲ್ಲ, ಓಡಿಸುತ್ತಿದ್ದ ನನ್ನ ಹೆಂಡತಿಯ ಮೂಳೆ ಮುರಿಯುತ್ತಿರಲಿಲ್ಲ. ಇಷ್ಟು ಲೆಕ್ಕ ಯಾರಿಗೆ ಬೇಕಾದರೂ ಅರ್ಥವಾಗುತ್ತದೆ.

ಜಗಳದ ದಿನ ಸಿಟ್ಟಿನಲ್ಲಿ ಗಾಡಿಯನ್ನು ನಡುವೆ ಕುಯ್ಯಿಸಿದ್ದು ನೀನು. ಮುಂದಿನ ಅರ್ಧ ನನ್ನ ಜೊತೆ ಇಲ್ಲಿಗೆ ಬಂದಿದೆ. ಬ್ರೇಕು, ಹಿಂದಿನ ಆಕ್ಸಲ್ಲು ಎಲ್ಲ ನಿನ್ನ ಅರ್ಧದಲ್ಲಿವೆ. ಅದನ್ನು ಲಾರಿಗೆ ಹಾಕಿ ಕಳಿಸು. ಇಲ್ಲಿ ಪಂಪಿನ ಫ್ಯಾಕ್ಟರಿಯಲ್ಲಿ ನನ್ನ ಮೇಲಿನವರು ಕಣ್ಣಿದ್ದವರು. ಅವರಿಗೆ ತೋರಿಸಿ ಬ್ರೇಕು ಎಲ್ಲಿ ಕೈಕೊಟ್ಟಿತೆಂದು ಬರೆಸಿ ಓಟದ ಕಮಿಟಿಗೆ ಕೊಡುತ್ತೇನೆ. ಆಮೇಲೆ ನೀನು ಸ್ಕೂಟರು ಮಾತ್ರ ರಿಪೇರಿ ಮಾಡಿಕೊಂಡಿರು. ನಿನಗೆ ಬುದ್ಧಿ ಅನ್ನುವುದು ಇದ್ದಿದ್ದರೆ, ಇಲ್ಲ, ಅದನ್ನ ಬರೀಬೇಡ, ಕಳಿಸು ಅಂತ ಮಾತ್ರ ಬರಿ.

ನಿನ್ನ ಬಾವ


ಫೆಬ್ರವರಿ 19

ಬಾವನವರಿಗೆ ನಮಸ್ಕಾರ. ವಯಸ್ಸಿನಲ್ಲಿ ದೊಡ್ಡವರು ಎಂಬ ಒಂದೇ ಕಾರಣಕ್ಕೆ ಆ ಪದ ಬರೆದಿದ್ದೇನೆ, ಬೇರೇನೂ ತಿಳಿದುಕೊಳ್ಳಬೇಡಿ.

ಪತ್ರ ತಲುಪಿತು. ಅಕ್ಷರ ಅಕ್ಕಂದು, ಬೈಗುಳ ನಿಮ್ಮದು. ಬರೀಬೇಡ ಎಂದದ್ದನ್ನೂ ಅಕ್ಕ ಬರೆದಿದ್ದಾಳೆ, ನೀವು ಓದಿ ನೋಡದೆ ಸಹಿ ಹಾಕಿದ್ದೀರಿ. ಲೇತಿನ ಮುಂದೆಯೂ ಹೀಗೇ ಕೆಲಸ ಮಾಡುತ್ತೀರಾ ಎಂದು ಕೇಳುವ ಆಸೆಯಾಯಿತು.

ಬ್ರೇಕು ಕೈಕೊಟ್ಟಿತು ಎನ್ನುತ್ತೀರಿ. ನಾನು ಗೋಡೌನ್ ತಿರುವಿನಲ್ಲೇ ನಿಂತಿದ್ದೆ. ನೀವು ಮೇಲೆ ನೀರಿನ ಟ್ಯಾಂಕಿನ ಹತ್ತಿರ ಗಾಡಿ ತಳ್ಳಿ, ಕೈ ಒರೆಸಿಕೊಂಡು ಚಹಾ ಕುಡಿಯುತ್ತಿದ್ದಿರಿ. ತಿರುವು ಎಡಕ್ಕಿದೆ. ಗಾಡಿ ಎಡಕ್ಕೆ ಬರಲಿಲ್ಲ. ಅಕ್ಕ ಎಡಕ್ಕೇ ತಿರುಗಿಸುತ್ತಿದ್ದುದನ್ನು ನಾನು ಕಣ್ಣಾರೆ ಕಂಡೆ. ಚಕ್ರ ಮಾತು ಕೇಳಲಿಲ್ಲ. ತಿರುಗದೆ ಇರುವ ಗಾಡಿಗೆ ಬ್ರೇಕು ಏನು ಮಾಡುತ್ತದೆ? ನಿಮ್ಮ ಕನೆಕ್ಟಿಂಗ್ ರಾಡು, ನಿಮ್ಮ ಬುಷ್ಷು, ನಿಮ್ಮ ಕೂದಲಿನ ಲೆಕ್ಕ. ಎಲ್ಲಿ ಸಿಕ್ಕಿಹಾಕಿಕೊಂಡಿತೆಂದು ನಿಮ್ಮ ಕಣ್ಣಿದ್ದವರನ್ನೇ ಕೇಳಿ.

ಆದ್ದರಿಂದ ನೀವು ನಿಮ್ಮ ಅರ್ಧ ಕಳಿಸಿ. ಇಲ್ಲಿ ಕಮಿಟಿಯವರು ನನ್ನ ಅಂಗಡಿಗೆ ನಡೆದುಕೊಂಡು ಬರುವಷ್ಟು ಹತ್ತಿರ ಇದ್ದಾರೆ. ನನ್ನ ಅರ್ಧ ಎಲ್ಲಿಗೂ ಹೋಗುವುದಿಲ್ಲ. ಅದನ್ನು ಟಾರ್ಪಾಲಿನಲ್ಲಿ ಸುತ್ತಿ ಅಟ್ಟದ ಮೇಲೆ ಇಟ್ಟಿದ್ದೇನೆ. ಯಾರಿಗೂ ತೋರಿಸಿಲ್ಲ, ತೋರಿಸುವುದೂ ಇಲ್ಲ.

ಅಕ್ಕ ಶಾಲೆಯ ವ್ಯಾನು ಓಡಿಸುತ್ತಿದ್ದಳಲ್ಲ, ಆ ಕೆಲಸಕ್ಕೆ ಬೇರೆಯವರು ಬಂದಿದ್ದಾರೆ. ಗೇರು ಹಾಕಿದರೆ ಊರಿಗೆಲ್ಲ ಕೇಳಿಸುತ್ತದೆ. ಮೂಳೆ ಮುರಿದ ಮೇಲೆ ಅವಳನ್ನು ಪೆಟ್ಟಿಗೆಯ ಹಾಗೆ ಎತ್ತಿಕೊಂಡು ಬೇರೆ ಊರಿಗೆ ಹೋದಿರಿ. ಬೇಕಾ ಎಂದು ಅವಳನ್ನು ಕೇಳಿದ್ದಿರಾ?

ಇಂತಿ, ಸ್ಕೂಟರು ಮಾತ್ರ ರಿಪೇರಿ ಮಾಡಿಕೊಂಡಿರುವ ಬಾಮೈದ


ಮಾರ್ಚ್ 8

ಬಾಮೈದನಿಗೆ,

ಚಹಾ ಕುಡಿದದ್ದನ್ನು ಎತ್ತಿ ಆಡುವ ಮಟ್ಟಕ್ಕೆ ಇಳಿದಿದ್ದೀಯ. ಗಾಡಿ ಹೊರಡುವ ಗೆರೆ ದಾಟಿದ ಮೇಲೆ ತಳ್ಳಿದವನಿಗೆ ಅಲ್ಲಿ ಏನು ಕೆಲಸ? ನಾನು ಪ್ರತಿ ವರ್ಷವೂ ಕುಡಿಯುತ್ತಿದ್ದೆ. ಗೆದ್ದ ಎರಡು ವರ್ಷವೂ ಕುಡಿದಿದ್ದೆ. ಆಗ ನಿನ್ನ ಕಣ್ಣಿಗೆ ಬೀಳಲಿಲ್ಲ.

ನನ್ನ ಅರ್ಧವನ್ನು ಇಳಿಸಿ ಪರೀಕ್ಷೆ ಮಾಡಿದೆ. ಸ್ಟೇರಿಂಗ್ ತೋಳು ಹೂವಿನ ಹಾಗೆ ತಿರುಗುತ್ತದೆ. ಬುಷ್ ಹೊಸದರ ಹಾಗೆ ಇದೆ. ಬೇರಿಂಗುಗಳನ್ನು ಸೀಮೆಎಣ್ಣೆಯಲ್ಲಿ ತೊಳೆದು ನೋಡಿದೆ, ಒಂದು ಗುಂಡೂ ಸವೆದಿಲ್ಲ. ಎರಡು ಮುಂದಿನ ಚಕ್ರಗಳನ್ನು ಜೋಡಿಸುವ ಸರಳು ಇದೆಯಲ್ಲ, ಟೈ ರಾಡು, ಅದರ ವಿಷಯಕ್ಕೆ ನೀನು ಬರಬೇಡ. ಅದು ಎಷ್ಟಿರಬೇಕೋ ಅಷ್ಟೇ ಇದೆ. ಟೈ ರಾಡ್ ಅಂತ ಯಾಕೆ ಬರೆದೆ, ಅವನು ಅದನ್ನ ಕೇಳೇ ಇಲ್ಲ, ಹೊಡ್ದಾಕು.

ಅವಳನ್ನು ಕೇಳಿದ್ದಿರಾ ಎಂದು ನನ್ನನ್ನು ಕೇಳುತ್ತೀಯ. ಕೈಯನ್ನು ಎದೆಗೆ ಪಟ್ಟಿಯಿಂದ ಕಟ್ಟಿಸಿಕೊಂಡು ಮಲಗಿದವಳನ್ನು ಊರು ಬಿಡೋಣವೇ, ಬೇಡವೇ ಎಂದು ಕೇಳುತ್ತಾ ಕೂರಬೇಕಿತ್ತೇ? ಇಲ್ಲಿ ಸಂಬಳದ ಕೆಲಸ ಇದೆ, ಮೇಲಿನ ಮಹಡಿಯಲ್ಲಿ ಗಾಳಿ ಬರುವ ಎರಡು ಕೋಣೆ ಇವೆ, ಇಳಿಜಾರು ರಸ್ತೆ ಒಂದೂ ಇಲ್ಲ. ಅವಳು ದಿನಾ ಬೆಳಗ್ಗೆ ಭುಜದ ವ್ಯಾಯಾಮಕ್ಕೆ ಹೋಗಿಬರುತ್ತಾಳೆ. ಸುಖವಾಗಿದ್ದಾಳೆ.

ನಿನ್ನ ಅರ್ಧ ಟಾರ್ಪಾಲಿನಲ್ಲಿ ಯಾಕೆ ಅಡಗಿದೆ? ಶುದ್ಧವಾಗಿರುವವನು ಮುಚ್ಚಿಡುವುದಿಲ್ಲ.

ನಿನ್ನ ಬಾವ


ಜೂನ್ 27

ಬಾವನವರಿಗೆ,

ಇಷ್ಟು ದಿನ ಬರೆಯಲಿಲ್ಲ. ಬರೆಯುವುದಕ್ಕೆ ಏನೂ ಇರಲಿಲ್ಲ ಎಂದಲ್ಲ. ಬರೆದು ಹರಿದುಹಾಕಿದ್ದನ್ನೆಲ್ಲ ಕಳಿಸಿದ್ದರೆ ನಿಮ್ಮ ಅಂಚೆಯವನಿಗೂ ಎಡಭುಜ ಬಿದ್ದುಹೋಗುತ್ತಿತ್ತು.

ನಾನು ಕೇಳದ ಟೈ ರಾಡಿನ ಬಗ್ಗೆ ನೀವಾಗಿ ಹೇಳಿದಿರಿ, ನೀವಾಗಿ ಹೊಡೆದುಹಾಕು ಎಂದಿರಿ. ಅಕ್ಕ ಎರಡನ್ನೂ ಬರೆದಳು. ಅದನ್ನು ಮೂರು ಸಲ ಓದಿದೆ. ಏನು ಮಾಡಿದ್ದೀರಿ ಅದಕ್ಕೆ? ಉತ್ತರ ಕೊಡಬೇಡಿ, ಕೊಟ್ಟರೂ ನಂಬುವುದಿಲ್ಲ.

ಈಗ ಹೊಸ ವಿಷಯ. ನನ್ನ ಅರ್ಧಕ್ಕೆ ನಾನೇ ಮುಂಭಾಗ ಕಟ್ಟಿದ್ದೇನೆ. ಆಟೋ ಇಂಜಿನ್ನಿನ ಕ್ರ್ಯಾಂಕಿನಿಂದ ಮುಂದಿನ ಆಕ್ಸಲ್ಲು, ಫ್ಯಾನಿನ ಪುಲ್ಲಿಯಿಂದ ಸ್ಟೇರಿಂಗ್ ಚಕ್ರ. ಲೇತಿನ ಮಹಾಶಯರ ಹಂಗಿಲ್ಲದೆ ಕೆಲಸ ಆಗುತ್ತದೆ ಎಂದು ತಿಳಿದು ಬಹಳ ಹಗುರಾಯಿತು. ಹಿಂದಿನ ಆಕ್ಸಲ್ಲು ಹಳೆಯದೇ, ಅದರ ಬಗ್ಗೆ ಯಾರೂ ತಲೆಕೆಡಿಸಿಕೊಳ್ಳಬೇಕಾಗಿಲ್ಲ, ಅದನ್ನು ಬಿಚ್ಚಿ ಮತ್ತೆ ಕೂರಿಸಿದ್ದೇನೆ. ಈ ಡಿಸೆಂಬರಿಗೆ ಹೆಗ್ಗಣ ನನ್ನ ಹೆಸರಿನಲ್ಲಿ ಓಡುತ್ತದೆ. ಕಮಿಟಿಗೆ ತಿಳಿಸಿದ್ದೇನೆ. ಯಾರು ಓಡಿಸುತ್ತಾರೆ ಎಂದು ಕೇಳಿದರು. ಆಮೇಲೆ ಹೇಳುತ್ತೇನೆ ಎಂದೆ.

ಅಕ್ಕನ ಕೈ ಎಷ್ಟು ಮೇಲಕ್ಕೆ ಏಳುತ್ತದೆ? ಇದೊಂದಕ್ಕೆ ಬೈಯದೆ ಉತ್ತರ ಬರೆಯಿಸಿ.

ಬಾಮೈದ


ಜುಲೈ 15

ಬಾಮೈದನಿಗೆ,

ಹೆಗ್ಗಣ ಎನ್ನುವ ಹೆಸರು ನನ್ನದು. ಮೂತಿ ನೆಲಕ್ಕೆ ತಾಗಿಸಿಕೊಂಡು ಓಡುವ ಗಾಡಿಯನ್ನು ನೋಡಿ ಮೊದಲು ಹಾಗೆ ಕರೆದದ್ದು ನಾನು. ಮೂತಿ ಇರುವುದು ನನ್ನ ಬಳಿ. ಬಾಲ ಇಟ್ಟುಕೊಂಡವನು ಅದಕ್ಕೆ ಹೊಸ ಮೂತಿ ಅಂಟಿಸಿ ಹೆಗ್ಗಣ ಎಂದರೆ ಊರು ನಗುತ್ತದೆ.

ನಾನೂ ಸುಮ್ಮನೆ ಕುಳಿತಿಲ್ಲ. ಫ್ಯಾಕ್ಟರಿಯ ಗುಜರಿಯಿಂದ ಡೀಸೆಲ್ ಪಂಪಿನ ಫ್ಲೈವೀಲ್ ತಂದು ಹಿಂಭಾಗ ಕಟ್ಟಿದ್ದೇನೆ. ಬ್ರೇಕು ನಾಲ್ಕು ಚಕ್ರಕ್ಕೂ ಇದೆ. ಇದೂ ಡಿಸೆಂಬರಿಗೆ ಓಡುತ್ತದೆ. ಒಂದೇ ಇಳಿಜಾರಿನಲ್ಲಿ ಎರಡು ಹೆಗ್ಗಣ ಓಡಲಿ, ಯಾವುದು ಕಲಬೆರಕೆ ಎಂದು ಜನರೇ ಹೇಳಲಿ. ನಿನ್ನ ಬಾಲ ಗೋಡೌನ್ ತಿರುವಿನಲ್ಲಿ ಮೂಟೆಗೆ ಹೊಡೆದಾಗ ನಾನು ನಿಧಾನವಾಗಿ ಪಕ್ಕದಿಂದ ಹೋಗುತ್ತೇನೆ.

ಕೇಳಿದೆಯಲ್ಲ, ಬೈಯದೆ ಹೇಳುತ್ತೇನೆ. ಅವಳ ಎಡಗೈ ಭುಜದ ಮೇಲಕ್ಕೆ ಏಳುವುದಿಲ್ಲ. ಏಳುವ ಹಾಗೆಯೂ ಕಾಣುವುದಿಲ್ಲ. ಇನ್ನು ಮೇಲೆ ಅವಳು ಗಾಡಿ ಹತ್ತುವುದಿಲ್ಲ, ಇಳಿಜಾರಿನದೂ ಇಲ್ಲ, ರಸ್ತೆಯದೂ ಇಲ್ಲ. ಇದು ನನ್ನ ತೀರ್ಮಾನ. ಬರಿ, ತೀರ್ಮಾನ ಅಂತಲೇ ಬರಿ, ಯಾಕೆ ನಿಲ್ಲಿಸಿದೆ?

ನಿನ್ನ ಬಾವ


ಜುಲೈ 30

ಬಾವನವರಿಗೆ,

ಓದಿದೆ. ಎರಡು ಹೆಗ್ಗಣ ಓಡಲಿ. ನಿಮ್ಮ ಫ್ಲೈವೀಲ್ ಭಾರಕ್ಕೆ ನಿಮ್ಮ ಗಾಡಿ ಟ್ಯಾಂಕಿನ ಹತ್ತಿರವೇ ಹಿಂದಕ್ಕೆ ಕುಕ್ಕರುಗಾಲಲ್ಲಿ ಕೂತರೆ ಎತ್ತಿ ನಿಲ್ಲಿಸಲು ನನ್ನನ್ನು ಕರೆಯಬೇಡಿ.

ಆದರೆ ಒಂದು ಮಾತು, ನಿಮ್ಮ ಜೊತೆ ಒಪ್ಪುತ್ತಿರುವುದು ನನಗೇ ಹಿಂಸೆಯಾಗುತ್ತಿದೆ. ಅಕ್ಕ ಇನ್ನು ಓಡಿಸಬಾರದು. ಈ ವಿಷಯದಲ್ಲಿ ನಿಮ್ಮ ತೀರ್ಮಾನ ಸರಿ. ಆ ಮೂಟೆಗಳ ಪಕ್ಕದಲ್ಲಿ ಅವಳು ಬಿದ್ದಿದ್ದುದನ್ನು ನೀವು ನೋಡಲಿಲ್ಲ, ನಾನು ನೋಡಿದೆ. ಈಗಲೂ ಸ್ಕೂಟರಿನ ಬ್ರೇಕು ಬಿಗಿ ಮಾಡುವಾಗ ಕೈ ನಿಲ್ಲುತ್ತದೆ. ನಿಮ್ಮ ಗಾಡಿಯನ್ನು ನೀವೇ ಓಡಿಸಿ, ನನ್ನದನ್ನು ನಾನು ಓಡಿಸುತ್ತೇನೆ. ಅವಳು ಮನೆಯಲ್ಲಿರಲಿ.

ಅಕ್ಕಾ, ಇದನ್ನು ಓದುತ್ತಿದ್ದರೆ ಬೇಜಾರು ಮಾಡಿಕೊಳ್ಳಬೇಡ. ನಿನ್ನ ಒಳ್ಳೆಯದಕ್ಕೇ.

ಬಾಮೈದ


ಆಗಸ್ಟ್ 14

ತಮ್ಮನಿಗೆ, ಮತ್ತು ಇವರಿಗೆ,

ಒಂದೇ ಪತ್ರ, ಎರಡು ಪ್ರತಿ. ಒಂದು ಅಂಚೆಗೆ ಹೋಗುತ್ತದೆ. ಇನ್ನೊಂದನ್ನು ಇವರ ಊಟದ ಡಬ್ಬಿಯ ಮುಚ್ಚಳದಡಿ ಇಡುತ್ತೇನೆ. ಒಂದೇ ಮನೆಯಲ್ಲಿ ಇರುವವರಿಗೆ ಪತ್ರ ಬರೆಯುವ ಕಾಲವೂ ಬಂತು.

ಈ ಮನೆಯಿಂದ ಹೋದ ಬೈಗುಳವನ್ನೆಲ್ಲ ನನ್ನ ಕೈಯಿಂದ ಬರೆದಿದ್ದೇನೆ. ಬಂದ ಬೈಗುಳವನ್ನೆಲ್ಲ ನಾನೇ ಗಟ್ಟಿಯಾಗಿ ಓದಿ ಹೇಳಿದ್ದೇನೆ. ಒಂದಕ್ಷರ ಬಿಡಲಿಲ್ಲ, ಒಂದಕ್ಷರ ಸೇರಿಸಲಿಲ್ಲ. ಇಷ್ಟು ತಿಂಗಳು ಒಂದೇ ಒಂದು ಮಾತಿಗೆ ಕಾಯುತ್ತಿದ್ದೆ. ಇಬ್ಬರಲ್ಲಿ ಒಬ್ಬರಾದರೂ ಅದನ್ನು ಹೇಳುತ್ತೀರಿ ಅಂದುಕೊಂಡಿದ್ದೆ. ಹೇಳಲಿಲ್ಲ. ಅದರ ಬದಲು, ಹುಟ್ಟಿದಾರಭ್ಯ ಒಂದು ನಟ್ಟಿನ ವಿಷಯಕ್ಕೂ ಒಪ್ಪದ ನೀವಿಬ್ಬರು, ನನ್ನನ್ನು ಗಾಡಿಯಿಂದ ಇಳಿಸುವ ವಿಷಯಕ್ಕೆ ಮಾತ್ರ ರಾಜಿಯಾದಿರಿ. ಹೊಟ್ಟೆ ಉರಿದುಹೋಯಿತು. ನನ್ನ ಕೈಯಿಂದಲೇ ಅದನ್ನು ಬರೆಸಿದರಲ್ಲ ಇವರು, ಅದಕ್ಕೆ ಇನ್ನೂ ಉರಿಯುತ್ತಿದೆ.

ಹಾಗಾದರೆ ನಾನೇ ಹೇಳುತ್ತೇನೆ. ಕಳೆದ ಓಟಕ್ಕೆ ಮುಂಚೆ ಅಭ್ಯಾಸ ಮಾಡಿ ಬಂದವಳು ತಮ್ಮನ ಅಂಗಡಿಯಲ್ಲಿ ಕೂತು, "ಹೆಗ್ಗಣ ಸ್ವಲ್ಪ ಎಡಕ್ಕೆ ಎಳೀತದೆ ಕಣೋ" ಎಂದೆ. ತಮ್ಮ ಏನಂದ? "ಬಾವಂಗೆ ಹೇಳ್ಬೇಡ ಅಕ್ಕ. ಗೊತ್ತಾದ್ರೆ ಹಿಂದಿನ ಭಾಗ ನೀನು ಕಟ್ಟಿದ್ದೇ ಸೊಟ್ಟ ಅಂತಾರೆ. ನಾನು ನೋಡ್ಕೋತೀನಿ." ಅದೇ ದಿನ ಊಟಕ್ಕೆ ಕೂತಾಗ ಅದೇ ಮಾತನ್ನು ಇವರಿಗೂ ಹೇಳಿದೆ. ಇವರು ಏನಂದರು? "ಅವನ ಕಿವಿಗೆ ಹಾಕ್ಬೇಡ. ಸ್ಟೇರಿಂಗ್ ಸರಿ ಇಲ್ಲ ಅಂತ ಕುಣೀತಾನೆ. ನಾನು ನೋಡ್ಕೊಳ್ತೀನಿ." ಇಬ್ಬರಿಗೂ ಆಗಲಿ ಎಂದೆ. ಇಬ್ಬರಿಗೂ ಕೊಟ್ಟ ಮಾತು ಉಳಿಸಿಕೊಂಡೆ.

ಓಟದ ದಿನ ಗೆರೆ ದಾಟಿದ ಕೂಡಲೇ ಗೊತ್ತಾಯಿತು, ಗಾಡಿ ಬಲಕ್ಕೆ ಎಳೆಯುತ್ತಿದೆ. ನೆಟ್ಟಗೆ ಹೋಗಬೇಕಾದರೆ ಸ್ಟೇರಿಂಗನ್ನು ಎಡಕ್ಕೆ ಹಿಡಿದೇ ಇರಬೇಕಾಯಿತು. ಗೋಡೌನ್ ತಿರುವಿನಲ್ಲಿ ಇನ್ನಷ್ಟು ಎಡಕ್ಕೆ ತಿರುಗಿಸಲು ಹೋದೆ. ತೋಳು ತಡೆಗೆ ಬಂದು ನಿಂತಿತು. ಅದಕ್ಕಿಂತ ಮುಂದೆ ತಿರುಗಲು ಅದಕ್ಕೆ ಜಾಗವಿರಲಿಲ್ಲ. ತಿರುಗಬೇಕಾದ ಜಾಗವನ್ನು ನೆಟ್ಟಗೆ ಹೋಗುವುದಕ್ಕೇ ಖರ್ಚು ಮಾಡಿಬಿಟ್ಟಿದ್ದೆ. ಬ್ರೇಕು ತುಳಿದೆ, ಹಿಡಿಯಿತು. ಗಾಡಿ ಜಾರಿಕೊಂಡು ಹೋಗಿ ಮೂಟೆಗೆ ಹೊಡೆಯಿತು. ತಮ್ಮನ ಬ್ರೇಕಿಗೆ ಏನೂ ಆಗಿರಲಿಲ್ಲ. ಇವರ ರಾಡಿಗೂ ಏನೂ ಆಗಿರಲಿಲ್ಲ.

ಆಸ್ಪತ್ರೆಯಲ್ಲಿ ಮಲಗಿಕೊಂಡು ಲೆಕ್ಕ ಹಾಕಿದೆ. ಎಡಕ್ಕೆ ಎಳೆಯುವ ಗಾಡಿಯನ್ನು ಒಬ್ಬರು ಸರಿ ಮಾಡಿದರೆ ಅದು ನೆಟ್ಟಗಾಗುತ್ತದೆ. ಬಲಕ್ಕೆ ಎಳೆಯಬೇಕಾದರೆ ಇಬ್ಬರು ಸರಿ ಮಾಡಿರಬೇಕು.

ಏನು ಮಾಡಿದಿರಿ ಎಂದು ಒಬ್ಬರಿಗೊಬ್ಬರು ಬರೆಯಿರಿ. ಇವರ ಪತ್ರವನ್ನು ಇವರೇ ಬರೆಯಲಿ, ನಾನು ಇನ್ನು ಬರೆಯುವುದಿಲ್ಲ. ಆಮೇಲೆ ಎರಡು ಅರ್ಧವೂ ನನಗೆ ಬೇಕು. ಈಚೆಗೆ ಕಟ್ಟಿದ ಹೊಸ ಮೂತಿ, ಹೊಸ ಬಾಲಗಳನ್ನು ನೀವೇ ಇಟ್ಟುಕೊಳ್ಳಿ. ಗೇಟು ಮಾಡುವ ವೆಲ್ಡರ್ ಹತ್ತಿರ ಹಳೆಯ ಹೆಗ್ಗಣವನ್ನು ಕೂಡಿಸುತ್ತೇನೆ, ನಾನೇ ಓಡಿಸುತ್ತೇನೆ. ಒಬ್ಬರೂ ಕೈ ಹಚ್ಚಕೂಡದು.

ಎಡಗೈ ಮೇಲೇಳುವುದಿಲ್ಲ ಎಂದು ಇವರು ಬರೆಸಿದರು. ಮೇ ತಿಂಗಳಿಂದ ನಾನು ಇಲ್ಲಿನ ಬ್ರೆಡ್ ಫ್ಯಾಕ್ಟರಿಯ ವ್ಯಾನು ಓಡಿಸುತ್ತಿದ್ದೇನೆ. ಬೆಳಗ್ಗೆ ಭುಜದ ವ್ಯಾಯಾಮಕ್ಕೆ ಎಂದು ಹೋಗುವುದು ಅಲ್ಲಿಗೇ. ಎಡಗೈಯಲ್ಲಿ ಗೇರು ಹಾಕುವುದೂ ವ್ಯಾಯಾಮವೇ. ದಿನಾ ಮನೆಗೆ ಬರುವ ಬಿಸಿ ಬ್ರೆಡ್ಡು ಎಲ್ಲಿಂದ ಬರುತ್ತದೆ ಎಂದು ಇವರು ಒಂದು ಸಲವೂ ಕೇಳಲಿಲ್ಲ.

ಅಕ್ಕ, ಮತ್ತು ಇವರ ಹೆಂಡತಿ


ಸೆಪ್ಟೆಂಬರ್ 11

ಬಾಮೈದನಿಗೆ,

ನಾನೇ ಬರೆಯುತ್ತಿದ್ದೇನೆ. ಓದಲಾಗದಿದ್ದರೆ ಅದು ನಿನ್ನ ಕರ್ಮ.

ಎಡಕ್ಕೆ ಎಳೆಯುವುದು ನಿಲ್ಲಲಿ ಎಂದು ಟೈ ರಾಡನ್ನು ಎರಡು ಸುತ್ತು ತಿರುಗಿಸಿದ್ದೆ. ಓಟದ ಹಿಂದಿನ ದಿನ, ನೀನು ಅಂಗಡಿ ಮುಚ್ಚಿ ಹೋದ ಮೇಲೆ. ಗಾಡಿ ಉರುಳಿದಾಗ ಮೊದಲು ನೆನಪಾದದ್ದು ಅದೇ. ಅದರಿಂದಲೇ ಆಯಿತು ಎಂದುಕೊಂಡೆ. ತಪ್ಪನ್ನು ನಿನ್ನ ಬ್ರೇಕಿನ ಮೇಲೆ ಹಾಕಿದರೆ ನಾನು ಬದುಕಬಹುದು ಅನ್ನಿಸಿತು.

ಇಷ್ಟು ಬರೆದೆ ಎಂದು ನೀನು ಹಿಗ್ಗಬೇಡ. ನನ್ನ ಎರಡು ಸುತ್ತು ಮಾತ್ರ ಇದ್ದಿದ್ದರೆ ಗಾಡಿ ನೆಟ್ಟಗೆ ಹೋಗುತ್ತಿತ್ತು. ನೀನು ಏನು ಮಾಡಿದೆ ಬರಿ.

ಅವಳು ಈಗ ನನ್ನ ಜೊತೆ ಮಾತನಾಡುವುದಿಲ್ಲ. ಬ್ರೆಡ್ಡು ಮಾತ್ರ ಮೇಜಿನ ಮೇಲೆ ಇರುತ್ತದೆ. ಮುಂದಿನ ಅರ್ಧವನ್ನು ಅವಳೇ ಆ ವ್ಯಾನಿನಲ್ಲಿ ಹಾಕಿಕೊಂಡು ಬರುತ್ತಾಳಂತೆ, ಚೀಟಿ ಬರೆದಿಟ್ಟಿದ್ದಾಳೆ.

ಬಾವ


ಸೆಪ್ಟೆಂಬರ್ 24

ಬಾವನವರಿಗೆ,

ನಿಮ್ಮ ಪತ್ರದಲ್ಲಿ ಓದಲು ಬಂದದ್ದು ಎರಡು ಸುತ್ತು, ಬದುಕಬಹುದು, ಬ್ರೆಡ್ಡು. ಉಳಿದದ್ದನ್ನು ಅಂದಾಜು ಮಾಡಿದೆ. ಸಾಕು.

ಹಿಂದಿನ ಆಕ್ಸಲ್ಲಿಗೆ ಎಡಗಡೆ ಒಂದು ವಾಷರು ಕೊಟ್ಟು ಹಿಂದಕ್ಕೆ ಸರಿಸಿದ್ದೆ. ಓಟದ ಬೆಳಗ್ಗೆ, ನೀವು ಕಮಿಟಿಯವರ ಹತ್ತಿರ ಹೆಸರು ಬರೆಸಲು ಹೋಗಿದ್ದಾಗ. ಟಾರ್ಪಾಲು ಸುತ್ತಿದ್ದು ಅದಕ್ಕೇ. ಯಾರಾದರೂ ನೋಡಿದರೆ ವಾಷರು ಕಾಣುತ್ತಿತ್ತು.

ನಿಮಗೂ ಹೇಳುತ್ತೇನೆ, ನನ್ನ ವಾಷರು ಮಾತ್ರ ಇದ್ದಿದ್ದರೂ ಗಾಡಿ ನೆಟ್ಟಗೆ ಹೋಗುತ್ತಿತ್ತು. ನಿಮಗಿಂತ ನೆಟ್ಟಗೆ. ಇಷ್ಟು ಹೇಳಿಯೂ ನಿಮ್ಮ ಮೇಲಿನ ಸಿಟ್ಟು ಕಡಿಮೆಯಾಗಿಲ್ಲ. ಯಾಕೆ ಎಂದು ಗೊತ್ತಾಗುತ್ತಿಲ್ಲ. ಬಹುಶಃ ಇಷ್ಟು ದಿನ ನಿಮ್ಮ ಮೇಲೆ ಇಟ್ಟಿದ್ದನ್ನು ಈಗ ಇಡಲು ಬೇರೆ ಜಾಗವಿಲ್ಲ.

ಬಾಮೈದ


ಡಿಸೆಂಬರ್ 21

ಬಾವನವರಿಗೆ,

ರಜೆ ಸಿಗಲಿಲ್ಲ, ಓಟಕ್ಕೆ ಬರಲಾಗುವುದಿಲ್ಲ ಎಂದು ಬರೆದಿದ್ದಿರಿ. ನಂಬಿದೆ ಎಂದು ಬರೆಯಲೇ, ಅಥವಾ ನೋಡಲು ಧೈರ್ಯವಾಗಲಿಲ್ಲ ಎಂದು ನೀವೇ ಬರೆಯುತ್ತೀರಾ?

ಆದದ್ದನ್ನು ಬರೆಯುತ್ತೇನೆ. ವೆಲ್ಡರ್ ಗಾಡಿಯನ್ನು ಕೂಡಿಸಿದ. ನಡುವೆ ದಪ್ಪ ಗೆರೆ ಎದ್ದು ಕಾಣುತ್ತದೆ, ಉಜ್ಜಬೇಡ ಎಂದು ಅಕ್ಕ ಹೇಳಿದಳಂತೆ. ಆಮೇಲೆ ನನ್ನ ಅಂಗಡಿಯೊಳಗೆ ಅವಳು, ಹೊರಗೆ ನಾನು. ನನ್ನದೇ ಅಂಗಡಿಯ ಮುಂದೆ ಗಿರಾಕಿಯ ಹಾಗೆ ಬೆಂಚಿನ ಮೇಲೆ ಕೂತಿದ್ದೆ. ಒಳಗಿನಿಂದ ಸ್ಪ್ಯಾನರಿನ ಸದ್ದು ಬರುತ್ತಿತ್ತು. ಒಂದು ಸಲ ಬಾಗಿಲು ತಳ್ಳಿದೆ. "ಯಾರು ಕರೆದ್ರು ನಿನ್ನ?" ಎಂದಳು. ಮುಚ್ಚಿಕೊಂಡು ಬಂದೆ.

ಓಟದ ದಿನ ಗೋಡೌನ್ ತಿರುವಿನಲ್ಲಿ ಮೂಟೆಗಳ ಹಿಂದೆ ನಿಂತೆ. ಗಾಡಿ ಬರುವ ಸದ್ದು ಕೇಳಿದಾಗ ಓಡಿಹೋಗಬೇಕು ಅನ್ನಿಸಿತು. ನೀವು ಬರದಿದ್ದುದೇ ಒಳ್ಳೆಯದಾಯಿತು, ಇಬ್ಬರೂ ಓಡುತ್ತಿದ್ದೆವು. ಹೆಗ್ಗಣ ತಿರುವಿಗೆ ಬಂತು. ಅಕ್ಕ ಸ್ಟೇರಿಂಗನ್ನು ತಿರುಗಿಸಿದ್ದೇ ಕಾಣಲಿಲ್ಲ. ಸ್ವಲ್ಪ ಸಡಿಲ ಬಿಟ್ಟಳು ಅಷ್ಟೇ. ಗಾಡಿ ತಾನಾಗಿ ಎಡಕ್ಕೆ ಹೊರಳಿ, ಮೂಟೆಗಳನ್ನು ಮುಟ್ಟದೆ ಹೊರಟುಹೋಯಿತು. ಎರಡನೆಯದಾಗಿ ಬಂತು. ಜನ ಚಪ್ಪಾಳೆ ತಟ್ಟಿದರು. ನನ್ನ ಕೈ ಏಳಲಿಲ್ಲ.

ಕೆಳಗೆ ಹೋದಾಗ ಅವಳು ಎರಡು ಕೈಯನ್ನೂ ತಲೆಯ ಮೇಲೆತ್ತಿ ಕೂದಲು ಕಟ್ಟಿಕೊಳ್ಳುತ್ತಿದ್ದಳು. ನಿಮಗೆ ತಿಳಿಯಲಿ ಎಂದು ಬರೆದಿದ್ದೇನೆ. "ಚೆನ್ನಾಗಿ ಬಂತಲ್ಲ ಅಕ್ಕ. ಆ ಎಳೆತ ಹೇಗೆ ಸರಿ ಮಾಡ್ದೆ?" ಎಂದು ಕೇಳಿದೆ.

ಅವಳು ಜೇಬಿನಿಂದ ನನ್ನ ವಾಷರು ತೆಗೆದು ನನ್ನ ಕೈಯಲ್ಲಿಟ್ಟಳು.

"ಸರಿ ಮಾಡ್ಲಿಲ್ಲ. ಇದನ್ನ ತೆಗೆದೆ, ಅವರ ಎರಡು ಸುತ್ತು ವಾಪಸ್ ತಿರುಗಿಸಿದೆ. ಎಡಕ್ಕೆ ಎಳೀತಾನೇ ಇದೆ."

"ಎಳೀತಾ ಇದ್ರೂ ಓಡಿಸ್ದೆಯಾ?"

"ಗೋಡೌನ್ ತಿರುವು ಯಾವ ಕಡೆಗೋ? ಎಡಕ್ಕೆ ತಾನೆ. ಅಲ್ಲಿ ಅದು ತಾನೇ ತಿರುಗ್ತದೆ, ನಾನು ಬಿಟ್ರೆ ಸಾಕು. ಎರಡು ವರ್ಷ ಗೆದ್ದಿದ್ದು ಅದರಿಂದಲೇ."

"ಮತ್ತೆ ಎಡಕ್ಕೆ ಎಳೀತದೆ ಅಂತ ನಮಗೆ ಯಾಕೆ ಹೇಳ್ದೆ?"

"ಗಾಡಿ ಹೇಗೆ ಓಡ್ತು ಅಂತ ಮನೆಯವರ ಹತ್ರ ಹೇಳ್ಕೊಂಡೆ. ಅಷ್ಟೇ. ಸರಿ ಮಾಡಿ ಅಂತ ಇಬ್ಬರಲ್ಲಿ ಯಾರಿಗಾದ್ರೂ ಹೇಳಿದ್ನಾ?"

ಯೋಚಿಸಿ ನೋಡಿದೆ ಬಾವ. ನನಗೆ ಹೇಳಿರಲಿಲ್ಲ. ನಿಮಗೆ ಹೇಳಿದ್ದಳೇ? ಬರೆಯಿರಿ. ನಿಮ್ಮ ಕೈಯಲ್ಲೇ ಬರೆಯಿರಿ, ಹೇಗಾದರೂ ಓದಿಕೊಳ್ಳುತ್ತೇನೆ.

ಬಾಮೈದ